ದಾಳ ಬಿದ್ದ ಮೇಲೆ ಮಾತಿಲ್ಲ: ವಿಜಯಪುರದ ನನ್ನ ಟೇಬಲ್

ವಿಜಯಪುರದಲ್ಲಿ ಕನ್ನಡದಲ್ಲೇ ಡಿ ಆಂಡ್ ಡಿ (ಡಂಜನ್ಸ್ ಆಂಡ್ ಡ್ರಾಗನ್ಸ್: ಒಬ್ಬ ಕತೆ ನಡೆಸುತ್ತಾನೆ, ಉಳಿದವರು ಪಾತ್ರಗಳಾಗಿ ದಾಳ ಹಾಕಿ ಆಡುತ್ತಾರೆ, ಆ ಗುಂಪಿಗೆ ಟೇಬಲ್ ಅನ್ನುತ್ತೇವೆ) ಆಡಿಸುತ್ತೇನೆ ಅಂದಾಗ ಬೆಂಗಳೂರಿನ ಗೆಳೆಯರು ನಕ್ಕರು. ರೂಲ್ ಸಡಿಲ ಬಿಡುತ್ತೇನೆ ಅಂದಾಗ ಇನ್ನೂ ಜಾಸ್ತಿ ನಕ್ಕರು. "ಹೊಸಬರ ಮುಂದೆ ಪುಸ್ತಕ ಮುಚ್ಚಿಟ್ಟರೆ ಮೂರು ವಾರಕ್ಕೆ ಟೇಬಲ್ ಮುರಿಯುತ್ತೆ ನೋಡು" ಅಂದ ಒಬ್ಬ. ಅವನ ಮಾತು ಒಂದು ಸಲ ನಿಜವೂ ಆಯಿತು. ಆದರೆ ಈಗಿನ ಟೇಬಲ್‌ಗೆ ಹದಿನಾಲ್ಕು ತಿಂಗಳು. ಐದು ಜನ, ಪ್ರತಿ ಭಾನುವಾರ ಮಧ್ಯಾಹ್ನ ಮೂರಕ್ಕೆ. ನಲವತ್ತೈದರ ಮೇಲೆ ಆಟ ಆಗಿವೆ. ನಕ್ಕವನ ಟೇಬಲ್ ಎರಡು ಸಲ ಮುರಿದಿದೆ, ಇದನ್ನು ಸುಮ್ನೆ ಹೇಳಿದೆ ಅಷ್ಟೇ.

ಮೊದಲ ಟೇಬಲ್ ಶುರುವಾಗಿದ್ದು 2022ರಲ್ಲಿ. ಆಗ ನಾನು ಪುಸ್ತಕದ ಭಕ್ತ. 5ನೇ ಆವೃತ್ತಿ, 2014ರ ಪುಸ್ತಕ, ಅದರಲ್ಲಿ ಬರೆದದ್ದೇ ಕೊನೆಯ ಮಾತು. ಪುಸ್ತಕಕ್ಕೆ ಎರಡೂವರೆ ಸಾವಿರದ ಹತ್ತಿರ ಹೋಯಿತು. ದಾಳದ ಸೆಟ್ ಮೂರು ತರಿಸಿದೆ, ಹದಿನಾರು ನೂರು. ಒಂದು ಸೆಟ್‌ನಲ್ಲಿ ಡಿ8, ಅಂದರೆ ಎಂಟು ಮುಖದ ದಾಳ, ಎರಡು ಬಂದವು, ಹತ್ತು ಮುಖದ ಡಿ10 ಬರಲೇ ಇಲ್ಲ. ಇಷ್ಟೆಲ್ಲ ಮಾಡಿ ನಾಲ್ಕು ದರೋಡೆಕೋರರ ಜೊತೆ ಒಂದು ಜಗಳ ಆಡಿಸಿದರೆ ಮೂರೂವರೆ ತಾಸು ಹಿಡಿಯಿತು. ಒಬ್ಬ ಕಳ್ಳನ ಕೊರಳಪಟ್ಟಿ ಹಿಡಿಯುತ್ತೇನೆ ಅಂದ. ನಾನು ಹಿಡಿಯುವ ರೂಲ್ ಹುಡುಕಲು ಹತ್ತು ನಿಮಿಷ ಪುಟ ತಿರುವಿದೆ. ಔಷಧ ಅಂಗಡಿ ಗೆಳೆಯ ಆಕಳಿಸಿ ಕೇಳಿದ, "ಇದು ಆಟಾನೋ, ಇನ್‌ಕಮ್ ಟ್ಯಾಕ್ಸ್ ರಿಟರ್ನೋ ಮಾರಾಯಾ?" ಐದನೇ ವಾರ ಇಬ್ಬರೇ ಬಂದರು. ಚಹಾ ಕುಡಿದು ಮನೆಗೆ ಹೋದೆವು.

ಎರಡನೇ ಟೇಬಲ್‌ನಲ್ಲಿ ಪೂರ್ತಿ ಉಲ್ಟಾ ಹೊಡೆದೆ. ಪುಸ್ತಕ ಕಪಾಟಿಗೆ. ಒಂದು ಡಿ20 (ಇಪ್ಪತ್ತು ಮುಖದ ದಾಳ, ಹೆಚ್ಚು ಬಿದ್ದಷ್ಟೂ ಒಳ್ಳೆಯದು), ಉಳಿದದ್ದೆಲ್ಲ ನನ್ನ ಬಾಯಲ್ಲಿ. ಮೊದಲ ಮೂರು ವಾರ ಸ್ವರ್ಗ. ಜನ ನಕ್ಕು ನಕ್ಕು ಸುಸ್ತು. ನಾಲ್ಕನೇ ವಾರ ನಮ್ಮ ವಕೀಲರು ಶಾಂತವಾಗಿ ಕೇಳಿದರು, "ಹೋದ ವಾರ ಹನ್ನೆರಡಕ್ಕ ಬಾವಿ ಹಾರೀನ್ರಿ. ಇವತ್ತ ಹದಿನಾಲ್ಕಕ್ಕ ಬಿದ್ದೆ. ವಾರದಾಗ ಬಾವಿ ಹಿಗ್ಗೇತೇನ್ರಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂ ಸಲ ಆ ಹೊತ್ತಿಗೆ ಚಂದ ಅನ್ನಿಸಿದ್ದನ್ನು ಹೇಳಿದ್ದೆ, ಅಷ್ಟೇ.

ಅದೇ ಟೇಬಲ್‌ನಲ್ಲಿ ಇನ್ನೊಂದು ತಪ್ಪು ಮಾಡಿದೆ. ಇದು ಜಾಸ್ತಿ ನೋವು ಕೊಟ್ಟಿದ್ದು. ಆಗ ನಾನು ಪರದೆ ಹಿಂದೆ ದಾಳ ಹಾಕುತ್ತಿದ್ದೆ. ನನ್ನ ತಂಗಿಯ ಪಾತ್ರಕ್ಕೆ ನಾಲ್ಕೋ ಐದೋ ಜೀವ ಉಳಿದಿತ್ತು. ತೋಳದ ಸರದಿ. 20 ಬಿತ್ತು, ಕಚ್ಚುವುದು ಖಂಡಿತ. ನಾನು "ಏಳು, ತಪ್ಪಿತು" ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. "ಅಣ್ಣಾ, ನೀ ನನ್ನ ಸಾಯಸೂದಿಲ್ಲ ಬಿಡು" ಅಂದಳು. ಆಮೇಲೆ ಅವಳು ಕಂಡ ಬಲೆಗೆಲ್ಲ ತಾನಾಗಿ ಕಾಲಿಡತೊಡಗಿದಳು. ಹೆದರಿಕೆ ಹೋದ ಮೇಲೆ ಆಟದಲ್ಲಿ ಏನಿದೆ? ಎಂಟನೇ ವಾರಕ್ಕೆ ಅದೂ ಬಂದ್.

ನಡುವೆ ದುಡ್ಡು ಸುಟ್ಟ ಒಂದು ಕತೆ. ಬ್ಯಾಟಲ್ ಮ್ಯಾಟ್ (ಜಗಳದ ಜಾಗದ ನಕ್ಷೆ ಬರೆಯುವ ಚೌಕುಳಿ ಹಾಸು) ಆನ್‌ಲೈನ್‌ನಲ್ಲಿ ಎರಡು ಸಾವಿರದ ಮೇಲಿತ್ತು. ನಾನು ಜಾಣ, ಫ್ಲೆಕ್ಸ್ ಅಂಗಡಿಗೆ ಹೋಗಿ ನಾಲ್ಕು ಅಡಿ ಮೂರು ಅಡಿ ಚೌಕುಳಿ ಹೊಡೆಸಿದೆ. ಇನ್ನೂರು ರೂಪಾಯಿಯೂ ಆಗಲಿಲ್ಲ. "ಯಾವ ಪಕ್ಷದ್ದು ಸರ್, ಫೋಟೋ ಎಲ್ಲಿ?" ಅಂತ ಅಂಗಡಿ ಹುಡುಗ ಕೇಳಿದ. ಮೊದಲ ದಿನವೇ ಮಾರ್ಕರ್‌ನಲ್ಲಿ ಗೋಡೆ ಬರೆದೆವು, ಒರೆಸಿದರೆ ಹೋಗಲಿಲ್ಲ. ಸ್ಪಿರಿಟ್ ಹಾಕಿ ತಿಕ್ಕಿದರೆ ಗೋಡೆಯ ಜೊತೆ ಚೌಕುಳಿಯೂ ಹೋಯಿತು. ಎರಡನೇ ಫ್ಲೆಕ್ಸ್ ಮಾಡಿಸಿ, ಡೈನಿಂಗ್ ಟೇಬಲ್ ಮೇಲೆ ಹಾಸುವ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಮೀಟರ್ ಲೆಕ್ಕದಲ್ಲಿ ತಂದು ಮೇಲೆ ಹೊದಿಸಿದೆ. ಈಗ ಒದ್ದೆ ಬಟ್ಟೆ ಸಾಕು.

ಮೂರನೇ ಟೇಬಲ್‌ಗೆ ಮೊದಲು ಬಜಾರಿಗೆ ಹೋಗಿ ಕೆಂಪು ರಟ್ಟಿನ ಕಿರ್ದಿ ಪುಸ್ತಕ ಒಂದು ತಂದೆ, ಕಿರಾಣಿ ಅಂಗಡಿಯವರು ಲೆಕ್ಕ ಬರೆಯುವಂಥದ್ದು. ನೂರಾ ಇಪ್ಪತ್ತೋ ನೂರಾ ನಲವತ್ತೋ ಕೊಟ್ಟೆ. ನನ್ನ ಪದ್ಧತಿಯೆಲ್ಲ ಅದರಲ್ಲೇ ಇದೆ.

ದಾಳ ಕೈಯಲ್ಲಿರುವ ತನಕ ಎಲ್ಲವೂ ಸಡಿಲ. ಆಟಗಾರ ಏನು ಬೇಕಾದರೂ ಮಾಡುತ್ತೇನೆ ಅನ್ನಬಹುದು, ಪುಸ್ತಕದಲ್ಲಿ ಇರಲಿ ಬಿಡಲಿ. ನಾನು 10, 15, 20 ಈ ಮೂರರಲ್ಲಿ ಒಂದು ಅಂಕಿ ಹೇಳುತ್ತೇನೆ, ಅಷ್ಟು ಅಥವಾ ಜಾಸ್ತಿ ಬಂದರೆ ಗೆದ್ದ. ಸೋತರೆ ಏನಾಗುತ್ತೆ ಅನ್ನುವುದನ್ನೂ ಗಟ್ಟಿಯಾಗಿ ಹೇಳುತ್ತೇನೆ. ಒಪ್ಪಿಗೆ ಇಲ್ಲದಿದ್ದರೆ ಅವನು ಹಿಂದೆ ಸರಿಯಬಹುದು, ವಾದವನ್ನೂ ಮಾಡಬಹುದು, ಎರಡು ನಿಮಿಷ. ಆದರೆ ದಾಳ ಪ್ಲಾಸ್ಟಿಕ್ ಮೇಲೆ ಬಿತ್ತೋ, ಮುಗಿಯಿತು. ನನಗೂ ಅದನ್ನು ಬದಲಿಸುವ ಹಕ್ಕಿಲ್ಲ. ಪರದೆ ತೆಗೆದು ಮಗಳ ಪ್ರಾಜೆಕ್ಟಿಗೆ ಕೊಟ್ಟೆ.

ಹೊಸ ತೀರ್ಮಾನ ಏನೇ ಆದರೂ ಕಿರ್ದಿಯಲ್ಲಿ ಬರೆದು ಪಕ್ಕದಲ್ಲಿ ಪ್ರಶ್ನಾರ್ಥಕ ಹಾಕುತ್ತೇನೆ. ಆಟ ಮುಗಿದು ಚುರುಮುರಿ, ಮಿರ್ಚಿ ಬಂದ ಮೇಲೆ ಅದರ ಮೇಲೆ ಜಗಳ. ಒಪ್ಪಿದರೆ ಮುಂದಿನ ಭಾನುವಾರದಿಂದ ಅದು ರೂಲ್. ಆಗಿಹೋದ ಆಟಕ್ಕೆ ಹಚ್ಚುವುದಿಲ್ಲ. ಒಂದು ಕಟ್ಟು ಇದೆ: ಎದುರುಬದುರು ಎರಡೇ ಪುಟ. ಜಾಗ ಮುಗಿದರೆ ಹಳೆಯದೊಂದನ್ನು ಹೊಡೆದು ಹೊಸದು ಬರೆಯಬೇಕು. ಒಮ್ಮೆ ಮೂವತ್ತರ ಮೇಲೆ ಹೋಗಿತ್ತು, ಈಗ ಹತ್ತೊಂಬತ್ತಕ್ಕೆ ಇಳಿದಿದೆ. ಯಾವುದನ್ನು ಮೊದಲು ಹೊಡೆಯಬೇಕು ಅನ್ನುವುದಕ್ಕೆ ನನ್ನದೊಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ವಕೀಲರೂ ಓದುತ್ತಾರೆ.

ನಮ್ಮ ಕಡೆ ಶ್ರೀಕೃಷ್ಣ ಪಾರಿಜಾತ ನಾಟಕ ನೋಡಿದವರಿಗೆ ಇದು ಹೊಸದಲ್ಲ. ಹಾಡು ಇದ್ದ ಹಾಗೇ ಇರುತ್ತೆ. ಭಾಗವತ, ದೂತಿ ಮಾತಿಗೆ ನಿಂತರೆ ಮಾತ್ರ ಊರ ಸುದ್ದಿಯೆಲ್ಲ ಒಳಗೆ ಬರುತ್ತೆ.

ಪದ್ಧತಿಗೆ ನಿಜವಾದ ಪರೀಕ್ಷೆ ಆಗಿದ್ದು ತೋಪಿನ ದಿನ. ನಮ್ಮ ಕತೆ ನಡೆಯುವುದು ಹಳೇ ವಿಜಯಪುರದಲ್ಲೇ, 1656ರ ಆಸುಪಾಸು, ಸುಲ್ತಾನ ಮಹಮ್ಮದ್ ಆದಿಲ್ ಶಾಹನ ಕೊನೆಯ ದಿನಗಳು. ಔಷಧ ಅಂಗಡಿಯವನು ಮುಲ್ಕ್ ಮೈದಾನ್ ತೋಪು ಹಾರಿಸುತ್ತೇನೆ ಅಂದ. ಐವತ್ತೈದು ಟನ್ನಿನ ತೋಪಿಗೆ ಪುಸ್ತಕದಲ್ಲಿ ಎಲ್ಲಿಯ ರೂಲ್? ಬತ್ತಿ ಹಚ್ಚಿದವನು ಸಪ್ಪಳಕ್ಕೆ ಹೆದರಿ ಪಕ್ಕದ ನೀರಿನ ತೊಟ್ಟಿಗೆ ಹಾರುತ್ತಿದ್ದ ಅನ್ನುವ ಕತೆ ಊರಿಗೆಲ್ಲ ಗೊತ್ತು. ಅದನ್ನೇ ಹಿಡಿದೆ. "ಬತ್ತಿಗೆ ದಾಳ ಬೇಡ, ತೋಪು ಹಾರುತ್ತೆ. ಹೊತ್ತಿಗೆ ಸರಿಯಾಗಿ ತೊಟ್ಟಿಗೆ ಬೀಳಲು 15. ತಪ್ಪಿದರೆ ಮೂರು ಆಟ ಕಿವುಡ. ಒಪ್ಪಿಗೆಯಾ?" ಅವನು ದಾಳಕ್ಕೆ ಉಫ್ ಅಂದು ಊದಿ ಹಾಕಿದ. ದಾಳ, ಪಾತ್ರದ ಬಲ ಎಲ್ಲ ಕೂಡಿಸಿ 14.

"ಒಂದ ಅಲ್ರೀ ಕಡಿಮಿ!" ಐದೂ ಜನ ನನ್ನ ಮುಖ ನೋಡಿದರು. ವಕೀಲರು ಕೂಡ ಅವನ ಪರ. ಹಳೇ ನಾನಾಗಿದ್ದರೆ ಬಿಟ್ಟುಬಿಡುತ್ತಿದ್ದೆ. ಬಿಡಲಿಲ್ಲ.

ಮೂರು ವಾರ ಅವನು ಬರೀ ಕೈಸನ್ನೆಯಲ್ಲಿ ಆಡಿದ. ಯಾರಾದರೂ ಬಂದು ಹೇಳಿದ ಗುಟ್ಟುಗಳನ್ನೆಲ್ಲ ತಪ್ಪಾಗಿ ಅರ್ಥ ಮಾಡಿಕೊಂಡು ಕಳ್ಳನಲ್ಲದವನನ್ನು ಹಿಡಿದು ತಂದ. ಆ ಮೂರು ವಾರಗಳಷ್ಟು ಚಂದ ಆಟ ನನ್ನ ಟೇಬಲ್‌ನಲ್ಲಿ ಮತ್ತೆ ಆಗಿಲ್ಲ.

ಅದರಲ್ಲೇ ಗೋಳಗುಮ್ಮಟದ ಆಟ ಬಂತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಸಂಚು ಮಾಡುವವರ ಮಾತು ಕೇಳಿಸಿಕೊಳ್ಳಬೇಕು. ಪುಸ್ತಕದ ಪ್ರಕಾರ ಕಿವಿಗೊಡಲು ದಾಳ. ಬ್ಯಾಂಕಿನ ಅಕ್ಕಾವರು ತಡೆದರು, "ಅಲ್ಲಿ ಪಿಸುಮಾತು ಆ ಕಡಿಗೂ ಕೇಳ್ತದ, ದಾಳ ಯಾಕ?" ಖರೇ. "ಗುಮ್ಮಟದಲ್ಲಿ ಯಾರ ಪಿಸುಮಾತೂ ಗುಟ್ಟಲ್ಲ, ನಿಮ್ಮದೂ ಕೂಡ" ಅಂತ ಬರೆದುಕೊಂಡೆ. ಕಿರ್ದಿಯಲ್ಲಿ ಜಗಳವಿಲ್ಲದೆ ಪಾಸಾದ ರೂಲ್ ಇದೊಂದೇ. ಆಮೇಲೆ ಎಲ್ಲರೂ ಮೇಲೆ ಹತ್ತಿ ಪರೀಕ್ಷೆ ಮಾಡಿ ಬರಲು ಹೋದೆವು. ಶಾಲೆಯ ಟ್ರಿಪ್ ಹುಡುಗರು ಕೂಗುತ್ತಿದ್ದರು, ನಮ್ಮ ಪಿಸುಮಾತು ನಮಗೇ ಕೇಳಲಿಲ್ಲ.

ಅಡ್ಡ ಪ್ರಯೋಗಗಳೂ ಬೇಕಾದಷ್ಟು. ದಾಳದ ಬದಲು ಚೌಕಾಬಾರದ ಹಾಗೆ ನಾಲ್ಕು ಒಡೆದ ಹುಣಸೆ ಬೀಜ ಹಾಕಿದರೆ? ಎರಡೂ ಬದಿ ಸಮ ಬಿದ್ದರೆ ನಾಲ್ಕೂ ಕಪ್ಪು, ಅಂದರೆ ಎಂಟು, ಬೀಳುವುದು ಹದಿನಾರಕ್ಕೆ ಒಂದು ಸಲ. ಒಂದು ರಾತ್ರಿ ಕೂತು ಮುನ್ನೂರು ಸಲ ಎಸೆದೆ. ಬಿಳಿ ಬದಿ ನೂರಕ್ಕೆ ಅರವತ್ತರ ಹತ್ತಿರ ಬಂತು. ಅದನ್ನು ಹೇಗೋ ಸರಿ ಮಾಡುತ್ತಿದ್ದೆ. ಆದರೆ ನಮ್ಮವ್ವ ಬಂದು ಕೂತಳು, "ಎಂಟು ಬೇಕೇನು?" ಅಂದು ಎಂಟು ಹಾಕಿದಳು. ಮತ್ತೆ ಕೇಳಿದರೆ ಮತ್ತೆ ಹಾಕಿದಳು. ಪ್ರಯೋಗ ಅಲ್ಲಿಗೆ ಮುಗಿಯಿತು.

ಮಾತುಗಳನ್ನು ಕನ್ನಡಕ್ಕೆ ತಂದಿದ್ದು ಮಾತ್ರ ಕೈ ಹಿಡಿಯಿತು. ಮೂಲ ನಿಯಮಗಳ ಎಸ್‌ಆರ್‌ಡಿ 5.1 ಅನ್ನು 2023ರ ಜನವರಿಯಲ್ಲಿ ಯಾರು ಬೇಕಾದರೂ ಬಳಸುವ ಹಾಗೆ ಕ್ರಿಯೇಟಿವ್ ಕಾಮನ್ಸ್‌ಗೆ ಬಿಟ್ಟರಲ್ಲ, ಅದರಿಂದ ಹನ್ನೆರಡು ಪುಟ ಮಾಡಿಕೊಂಡು ಜೆರಾಕ್ಸ್ ಹಾಕಿಸಿದೆ. ಅಪಾಯದಿಂದ ತಪ್ಪಿಸಿಕೊಳ್ಳಲು ಹಾಕುವ ಸೇವಿಂಗ್ ಥ್ರೋ ನಮ್ಮಲ್ಲಿ 'ಬಚಾವ್'. ಹಿಟ್ ಪಾಯಿಂಟ್ 'ಜೀವ'. ಅಡ್ವಾಂಟೇಜ್‌ಗೆ 'ಜೋಡಿ ದಾಳ', ಎರಡು ಸಲ ಹಾಕಿ ದೊಡ್ಡದನ್ನು ಹಿಡಿಯುವುದು. ಇದನ್ನು ಧಾರಾಳವಾಗಿ ಕೊಡಬೇಡಿ. 11 ಬೇಕಾದಾಗ ಅರ್ಧಕ್ಕರ್ಧ ಇದ್ದ ಅವಕಾಶ ಜೋಡಿ ದಾಳದಲ್ಲಿ ಮುಕ್ಕಾಲು ಆಗುತ್ತೆ. ವಕೀಲರು ಎಲ್ಲದಕ್ಕೂ ಕೇಳುತ್ತಾರೆ.

ಈಗ ತೊರವಿ ಕಡೆಯ ಸುರಂಗ ಬಾವಡಿ ಆಡುತ್ತಿದ್ದೇವೆ. ನೆಲದಡಿಯ ನೀರಿನ ದಾರಿ, ಕತ್ತಲು. ಪುಸ್ತಕದಲ್ಲಿ ಒಂದು ಪಂಜು ಒಂದು ತಾಸು ಉರಿಯುತ್ತೆ, ಆದರೆ ಲೆಕ್ಕ ಇಡುವವರು ಯಾರು? ಊದಿನಕಡ್ಡಿ ಹಚ್ಚಿಡುತ್ತೇನೆ. ಕಡ್ಡಿ ಆರಿದರೆ ಪಂಜು ಆರಿತು. ಮೊದಲ ವಾರ ಎಲ್ಲರೂ ಕಡ್ಡಿ ನೋಡುತ್ತಾ ಬಡಬಡ ಆಡಿದರು. ಎರಡನೇ ವಾರ ತಕರಾರು ಬಂತು: ಫ್ಯಾನ್ ಹಾಕಿದರೆ ಕಡ್ಡಿ ಬೇಗ ಉರಿಯುತ್ತೆ. ಮೇ ತಿಂಗಳು, ಹೊರಗೆ ಬೆಂಕಿಯಂಥ ಬಿಸಿಲು. ಕಿರ್ದಿಯಲ್ಲಿ "ಸುರಂಗದಾಗ ಗಾಳಿ ಇರತದೋ ಇಲ್ಲೋ?" ಅಂತ ಬರೆದು ಪ್ರಶ್ನಾರ್ಥಕ ಹಾಕಿದ್ದೇನೆ. ಭಾನುವಾರ ತೀರ್ಮಾನ. ಅಲ್ಲಿಯವರೆಗೆ ಫ್ಯಾನ್ ಬಂದ್.