ಬೆಲ್ ಇತ್ತು, ಯಾರೂ ಬಾರಿಸಲಿಲ್ಲ

ಮನಸ್ಸು ಕೆಡಿಸುವ ಸಿನಿಮಾಗಳನ್ನು ಹುಡುಕಿಕೊಂಡು ನೋಡುವವನು ನಾನು. ಇದನ್ನು ಹೇಳಿದರೆ ಮಡಿಕೇರಿಯಲ್ಲಿ ಜನ ಒಂಥರಾ ನೋಡುತ್ತಾರೆ. ಮಳೆ, ಆನೆ ಕಾಟ, ಕಾಳುಮೆಣಸಿನ ರೇಟು, ಇಷ್ಟು ತಲೆನೋವು ಸಾಲದಾ ಅಂತ ಕೇಳುತ್ತಾರೆ. ಸಾಲುತ್ತದೆ, ನಿಜ. ಆದರೂ ನೋಡುತ್ತೇನೆ, ಗೆಳೆಯರನ್ನು ಕೂರಿಸಿಕೊಂಡು ತೋರಿಸುತ್ತೇನೆ. ಒಮ್ಮೆ ನಾನೇ ಜನರ ಎದುರು ಕೂತು ಅಂಥದ್ದೊಂದು ಪ್ರದರ್ಶನ ಮಾಡಿಯೂ ನೋಡಿದೆ. ಅದನ್ನು ಹೇಗೆ ಮಾಡಿದೆ, ಆಗ ಏನಾಯಿತು ಅಂತ ಬರೆಯುತ್ತಿದ್ದೇನೆ.

ಮೊದಲು ಸಿನಿಮಾದ ವಿಷಯ. ವಿರಾಜಪೇಟೆ ಕಡೆ ಗೆಳೆಯನೊಬ್ಬನ ಕಾಫಿ ಗೋದಾಮು ಇದೆ. ರೊಬಸ್ಟಾ ಕೊಯ್ಲು ಮುಗಿದು ಮೂಟೆಗಳೆಲ್ಲ ಕ್ಯೂರಿಂಗಿಗೆ, ಅಂದರೆ ಸಿಪ್ಪೆ ತೆಗೆದು ಹಸನು ಮಾಡಲು, ಹೋದ ಮೇಲೆ ಅದು ಖಾಲಿ. ಸುಣ್ಣ ಹೊಡೆದ ಗೋಡೆಯೇ ನಮ್ಮ ಪರದೆ. ತೊಂದರೆ ಅಂದರೆ ಶೀಟಿನ ಛಾವಣಿ. ಜುಲೈ ಮಳೆ ಹಿಡಿದರೆ ಪಕ್ಕದವನ ಮಾತೇ ಕೇಳಿಸುವುದಿಲ್ಲ, ಇನ್ನು ಸಿನಿಮಾದ್ದು ಎಲ್ಲಿ. ಹಾಗಾಗಿ ಮಾತು ಕಡಿಮೆ ಇರುವ ಸಿನಿಮಾಗಳನ್ನೇ ಆರಿಸುವ ಅಭ್ಯಾಸ ಬೆಳೆಯಿತು. ಅದರಿಂದ ಒಳ್ಳೆಯದೇ ಆಯಿತು. ಹೆದರಿಸುವ ಸಿನಿಮಾದಲ್ಲಿ ಪಾತ್ರಗಳು ಜಾಸ್ತಿ ಮಾತಾಡಿದರೆ ಹೆದರಿಕೆ ಅಲ್ಲೇ ಸೋರಿ ಹೋಗುತ್ತದೆ.

ತೋರಿಸುವ ಮೊದಲು ಅದರಲ್ಲಿ ಏನಿದೆ ಅಂತ ಹೇಳಿಬಿಡುತ್ತೇನೆ. ಕಥೆ ಹೇಳುವುದಿಲ್ಲ. ಮಗು ಸಾಯುತ್ತದೆ, ಹೆಂಗಸಿನ ಮೇಲೆ ಹಲ್ಲೆ ಇದೆ, ಪ್ರಾಣಿಯನ್ನು ಕೊಲ್ಲುತ್ತಾರೆ, ಇಷ್ಟೇ. ಬೇಡ ಅನಿಸಿದವರು ಕಾಫಿ ಕುಡಿದು ಮನೆಗೆ ಹೋಗಬಹುದು. ಮುಗಿದ ಮೇಲೆ 'ಹೇಗಿತ್ತು' ಅಂತ ಯಾರೂ ಕೇಳುವ ಹಾಗಿಲ್ಲ. ಆ ಪ್ರಶ್ನೆ ಕೇಳಿದರೆ ಎಲ್ಲರೂ ವಿಮರ್ಶಕರಾಗಿಬಿಡುತ್ತಾರೆ. ನಾನು ಕೇಳುವುದು ಒಂದೇ: ಎಲ್ಲಿ ಕಣ್ಣು ತಿರುಗಿಸಿದಿರಿ? ಇದಕ್ಕೆ ಬುದ್ಧಿವಂತಿಕೆಯ ಉತ್ತರ ಕೊಡೋಕಾಗಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ನನ್ನ ಭಯ ಇರುವುದು ಕಾಲಿನ ಬೆರಳುಗಳಲ್ಲಿ. ಮುಖ ಆರಾಮಾಗಿರುತ್ತದೆ, ಚಪ್ಪಲಿಯೊಳಗೆ ಬೆರಳು ಮಡಚಿಕೊಂಡಿರುತ್ತದೆ.

ಉತ್ತರಗಳು ಸುಮಾರು ಸಲ ನನ್ನ ಲೆಕ್ಕಾಚಾರವನ್ನೇ ತಲೆಕೆಳಗು ಮಾಡಿವೆ. ಹಿಚ್‌ಕಾಕ್ 1960ರಲ್ಲಿ ಮಾಡಿದ 'ಸೈಕೋ' ಹಾಕಿದ್ದೆವು. ಬಚ್ಚಲಿನ ಕೊಲೆಯ ದೃಶ್ಯದಲ್ಲಿ ಎಲ್ಲರೂ ಕಣ್ಣು ಬಿಟ್ಟುಕೊಂಡೇ ನೋಡಿದರು. ಆ ರಕ್ತ ಚಾಕೊಲೇಟ್ ಸಿರಪ್ಪು, ಚಾಕು ಇಳಿಯುವ ಸದ್ದು ಕರಬೂಜದ ಜಾತಿಯ ಹಣ್ಣಿಗೆ ಚುಚ್ಚಿ ತೆಗೆದದ್ದು. ಕಪ್ಪು ಬಿಳುಪಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಹೇಳಿ. ನಮ್ಮವರು ಒದ್ದಾಡಿದ್ದು ಆಮೇಲೆ. ಹೆಣ ಇಟ್ಟ ಕಾರನ್ನು ಕೆಸರಿಗೆ ತಳ್ಳುತ್ತಾರಲ್ಲ, ಅದು ಅರ್ಧ ಮುಳುಗಿ ಒಂದು ಕ್ಷಣ ನಿಂತುಬಿಡುತ್ತದೆ. ಗೋದಾಮಿನಲ್ಲಿ ಉಸಿರಿನ ಸದ್ದಿಲ್ಲ. ಕಾರು ಮುಳುಗಿತು. ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು. ಆಮೇಲೆ ಒಬ್ಬರು, 'ಅದು ಮುಳುಗಲಿ ಅಂತ ನಾನ್ಯಾಕೆ ಬಯಸಿದೆ?' ಅಂದರು. ಆ ಸಂಜೆ ಪೂರ್ತಿ ಅದೇ ಮಾತು.

'ಘಟಶ್ರಾದ್ಧ' ತೋರಿಸಿದ ದಿನ ಮಾತೇ ಹೊರಡಲಿಲ್ಲ. ಗಿರೀಶ ಕಾಸರವಳ್ಳಿಯವರ ಮೊದಲ ಚಿತ್ರ ಅದು, 1977ರದ್ದು, ಅನಂತಮೂರ್ತಿಯವರ ಕಥೆ. ಸ್ವರ್ಣಕಮಲ ಬಂದ ಚಿತ್ರ ಅಂತ ಗೌರವದಿಂದ ನೋಡಲು ಕೂತವರು ತಲೆ ತಗ್ಗಿಸಿ ಎದ್ದರು. ಬದುಕಿರುವ ಹೆಣ್ಣುಮಗಳಿಗೆ ತಂದೆಯೇ ತಿಥಿ ಮಾಡಿ ಜಾತಿಯಿಂದ ಹೊರಗೆ ಹಾಕುತ್ತಾನೆ. ಬಂದೂಕಿಲ್ಲ, ದೆವ್ವ ಇಲ್ಲ. ನನ್ನ ಪಟ್ಟಿಯಲ್ಲಿ ಅದಕ್ಕಿಂತ ಕರಾಳ ಸಿನಿಮಾ ಇನ್ನೊಂದಿಲ್ಲ. ಆ ಹೆಣ್ಣುಮಗಳು ಯಮುನಾಳನ್ನು ಹಚ್ಚಿಕೊಂಡ ಪುಟ್ಟ ಹುಡುಗ ನಾಣಿ ಏನೂ ಮಾಡಲಾಗದೆ ನೋಡುತ್ತಾ ಹೋಗುತ್ತಾನೆ. ನಾವೂ ಅಷ್ಟೇ. ಆದರೆ ನಮಗೆ ಒಂದು ನೆವ ಇದೆ. ಸಿನಿಮಾ ಎಂದೋ ಮುಗಿದುಹೋದ ಕೆಲಸ. ನಾನು ಎದ್ದು ನಿಂತು ಕೂಗಿದರೂ ಅಲ್ಲಿ ಏನೂ ಬದಲಾಗುವುದಿಲ್ಲ.

ಎದುರಿಗೆ ಜೀವಂತ ಮನುಷ್ಯ ಇದ್ದಾಗ ಆ ನೆವ ಇರುವುದಿಲ್ಲ. ನನ್ನ ತಲೆಗೆ ಹುಳ ಬಿಟ್ಟದ್ದು ಇದೇ. ತನ್ನ ಮೈಯನ್ನೇ ಕಲೆಯ ವಸ್ತು ಮಾಡಿಕೊಂಡು ಜನರೆದುರು ಪ್ರದರ್ಶನ ಕೊಡುವ ಕಲಾವಿದೆ ಮರೀನಾ ಅಬ್ರಮೋವಿಚ್ 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಆರು ಗಂಟೆ ಕಾಲ ಸುಮ್ಮನೆ ನಿಂತರು. ಮೇಜಿನ ಮೇಲೆ 72 ವಸ್ತುಗಳು. ಗುಲಾಬಿ, ಗರಿ, ಜೇನುತುಪ್ಪ, ಕತ್ತರಿ, ಒಂದು ಪಿಸ್ತೂಲು, ಒಂದು ಗುಂಡು. ನನ್ನ ಮೇಲೆ ಏನು ಬೇಕಾದರೂ ಬಳಸಿ, ಹೊಣೆ ನನ್ನದು ಅಂದರು. ಮೊದಮೊದಲು ಜನ ಹೂವು ಕೊಟ್ಟರು. ಆಮೇಲೆ ಬಟ್ಟೆ ಕತ್ತರಿಸಿದರು, ಚರ್ಮ ಗೀರಿದರು, ಕೊನೆಗೆ ಪಿಸ್ತೂಲೂ ಅವರ ಕತ್ತಿನ ಹತ್ತಿರ ಬಂತು. ಅದಕ್ಕೂ ಹತ್ತು ವರ್ಷ ಮೊದಲು, 1964ರಲ್ಲಿ, ಜಪಾನಿನ ಕ್ಯೋಟೋದಲ್ಲಿ ಕಲಾವಿದೆ ಯೋಕೋ ಓನೋ ಕತ್ತರಿ ಮುಂದಿಟ್ಟುಕೊಂಡು ಕೂತಿದ್ದರು. ಒಬ್ಬೊಬ್ಬರೇ ಬಂದು ಅವರ ಬಟ್ಟೆಯ ಒಂದು ತುಂಡು ಕತ್ತರಿಸಿಕೊಂಡು ಹೋದರು.

ಇದನ್ನು ಗೋದಾಮಿನಲ್ಲಿ ಹೇಳಿದಾಗ ಗೆಳೆಯ ನಕ್ಕ. 'ಬಂದೂಕಿಗೆ ನಮ್ಮಲ್ಲಿ ಯಾರು ಹೆದರುತ್ತಾರೆ?' ಅವನು ಹೇಳುವುದೂ ಸರಿ. ಕೊಡವರ ಆಯುಧಪೂಜೆ ಹಬ್ಬ ಕೈಲ್‌ಪೊಳ್ದ್‌ನಲ್ಲಿ ಬಂದೂಕಿಗೆ ತೋಕ್ ಪೂ ಅನ್ನುವ ಹೂವು ಸಿಕ್ಕಿಸಿ ಪೂಜೆ ಮಾಡುವ ಊರು ಇದು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಯಾರಾದರೂ ಸತ್ತರೆ ಎರಡು. ಆದರೆ ಅಲ್ಲೆಲ್ಲ ಯಾರು, ಯಾವಾಗ, ಯಾವ ಕಡೆಗೆ ಹಾರಿಸಬೇಕು ಅಂತ ಕಟ್ಟುಪಾಡು ಇದೆ. ಯಾವ ಕಟ್ಟುಪಾಡೂ ಇಲ್ಲ ಅಂತ ಹೇಳಿ ಕೂತರೆ ನಮ್ಮವರೇ ಏನು ಮಾಡುತ್ತಾರೆ? ನೋಡೋಣ ಅನ್ನಿಸಿತು.

ಸಿದ್ಧತೆಗೇ ಜಾಸ್ತಿ ಸಮಯ ಹಿಡಿಯಿತು. ಹರಿತವಾದದ್ದು ಏನೂ ಬೇಡ ಅಂತ ಮೊದಲೇ ತೀರ್ಮಾನಿಸಿದೆ. ಆ ಇಬ್ಬರಷ್ಟು ಧೈರ್ಯ ನನಗಿಲ್ಲ, ಬೇಕಾಗಿಯೂ ಇರಲಿಲ್ಲ. ಮೇಜಿನ ಮೇಲೆ ಬಾಚಣಿಗೆ, ಟವೆಲ್, ಒಂದು ಚೊಂಬು ನೀರು, ತೆಂಗಿನ ನಾರಿನ ಹಗ್ಗ, ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಇದ್ದಿಲ ಪುಡಿ, ಒಂದು ಬುಟ್ಟಿ ಕಾಫಿ ಹಣ್ಣು, ಮಕ್ಕಳು ಪೇಪರ್ ಕತ್ತರಿಸುವ ಮೊಂಡು ಕತ್ತರಿ. ಇದ್ದಿಲ ಜಾಗದಲ್ಲಿ ಕೆಸರು ಇಡಬಹುದಿತ್ತು. ದಕ್ಷಿಣ ಕೊಡಗಿನಲ್ಲಿ ಬೋಡ್ ನಮ್ಮೆ ಅನ್ನುವ ಹಬ್ಬಕ್ಕೆ ಜನ ಮೈಗೆಲ್ಲ ಕೆಸರು ಬಳಿದುಕೊಂಡು ಕುಣಿಯುತ್ತಾರೆ. ಆದರೆ ಬರುವವರಲ್ಲಿ ಮಕ್ಕಂದೂರು ಕಡೆಯವರಿದ್ದರು. 2018ರ ಆಗಸ್ಟಿನಲ್ಲಿ ಗುಡ್ಡ ಜಾರಿದ ಮೇಲೆ ಅವರ ಮುಂದೆ ಕೆಸರು ಆಟದ ವಸ್ತು ಅಲ್ಲ. ಕೆಲವು ವಿಷಯದಲ್ಲಿ ಜನರನ್ನು ಕಲಕಬಾರದು, ಅಷ್ಟೇ.

ಕೊನೆಯದಾಗಿ ಒಂದು ಬೆಲ್ ಇಟ್ಟೆ. ಹಳೆಯ ಹಿತ್ತಾಳೆ ಬೆಲ್, ಕೈಯಲ್ಲಿ ಆಡಿಸುವಂಥದ್ದು. 'ಒಂದು ಗಂಟೆ ನಾನು ಮಾತಾಡುವುದಿಲ್ಲ. ಈ ವಸ್ತುಗಳನ್ನು ನನ್ನ ಮೇಲೆ ಹೇಗೆ ಬೇಕಾದರೂ ಬಳಸಿ. ಯಾರೇ ಬೆಲ್ ಬಾರಿಸಿದರೂ ಆ ಕ್ಷಣವೇ ಮುಗಿಯಿತು' ಅಂತ ರಟ್ಟಿನ ಮೇಲೆ ಬರೆದಿಟ್ಟೆ. ಮಕ್ಕಳನ್ನು ಒಳಗೆ ಬಿಡಲಿಲ್ಲ. ನಾನು ಎಡಗೈ ಮುಷ್ಟಿ ಬಿಗಿದರೆ ಸಾಕು, ಗೆಳೆಯ ಬಂದು ನಿಲ್ಲಿಸಬೇಕು ಅಂತ ಒಪ್ಪಂದ. ಇದು ಬೇರೆಯವರಿಗೆ ಗೊತ್ತಿರಲಿಲ್ಲ.

ಶುರುವಿನಲ್ಲಿ ಎಲ್ಲರಿಗೂ ನಾಚಿಕೆ. ಒಬ್ಬರು ತಲೆ ಬಾಚಿದರು. ಇನ್ನೊಬ್ಬರು ಅಂಗೈಯಲ್ಲಿ ಕಾಫಿ ಹಣ್ಣು ಇಟ್ಟರು. ಆಮೇಲೆ ಯಾರೋ ಮೂಗಿಗೆ ಸ್ವಲ್ಪ ಇದ್ದಿಲು ಹಚ್ಚಿದರು. ನಗು ಎದ್ದಿತು. ಅಲ್ಲಿಂದ ಬೇಗ ಬೇಗ ನಡೆಯಿತು. ಮುಖ, ಕುತ್ತಿಗೆ, ಅಂಗಿ. ಕೈಯನ್ನು ಕುರ್ಚಿಗೆ ಕಟ್ಟಿದರು. ಬಾಯಿಗೆ ಕಾಫಿ ಹಣ್ಣು ತುರುಕಿದರು. ಚೊಂಬಿನ ನೀರು ತಲೆ ಮೇಲೆ ಬಿತ್ತು. ಎಲ್ಲರೂ ಗೊತ್ತಿರುವವರೇ, ಮದುವೆ ಮನೆಯಲ್ಲಿ ಪಕ್ಕದಲ್ಲಿ ಕೂತು ಉಣ್ಣುವವರು.

ಒಳಗಿನಿಂದ ಅದು ಹೇಗಿತ್ತು ಅಂದರೆ, ಇದ್ದಿಲು ಏನೂ ಅನ್ನಿಸಲಿಲ್ಲ. ಹಗ್ಗವೂ ಅಷ್ಟೇ. ಹೆದರಿಕೆ ಬಂದದ್ದು ನಗುವಿಗೆ. ಹಿಂದಿನಿಂದ ಬರುವ ನಗು ಯಾರದು ಅಂತ ಗೊತ್ತಾಗದೆ ಹೋದಾಗ ಎದೆ ಹೊಡೆದುಕೊಳ್ಳೋಕೆ ಶುರುವಾಯಿತು. ಮುಷ್ಟಿ ಬಿಗಿಯಲೇ ಅಂತ ಯೋಚಿಸಿದೆ. ಬಿಗಿಯಲಿಲ್ಲ. ಯಾರಾದರೂ ಬೆಲ್ ಬಾರಿಸುತ್ತಾರೆ ಅಂತ ಕಾಯುತ್ತಿದ್ದೆ.

ಬಾರಿಸಲಿಲ್ಲ. ಒಬ್ಬ ಹೆಂಗಸು ಮಾತ್ರ ಟವೆಲ್ ತಗೊಂಡು ನನ್ನ ಮುಖ ಒರೆಸಿದರು. ಇನ್ನೊಬ್ಬರು ಮತ್ತೆ ಹಚ್ಚಿದರು. ಅವರು ಮತ್ತೆ ಒರೆಸಿದರು. ಸಮಯ ಮುಗಿಯುವವರೆಗೂ ಅದೇ ನಡೆಯಿತು. ಅವರ ಕೈಗೆ ಸಿಗುವಷ್ಟು ಹತ್ತಿರದಲ್ಲೇ ಬೆಲ್ ಇತ್ತು.

ಆಮೇಲೆ ಬಿಸಿನೀರು, ಸೋಪು, ಬಿಸಿ ಕಾಫಿ. ನೇಪಲ್ಸ್‌ನಲ್ಲಿ ಆರು ಗಂಟೆ ಮುಗಿದು ಅಬ್ರಮೋವಿಚ್ ಜನರ ಕಡೆ ನಡೆದು ಬಂದಾಗ ಎಲ್ಲರೂ ಓಡಿಹೋದರಂತೆ. ನಮ್ಮವರು ಓಡಲಿಲ್ಲ, ಆದರೆ ಕಣ್ಣಲ್ಲಿ ಕಣ್ಣಿಟ್ಟು ಮಾತಾಡಿದವರು ಕಡಿಮೆ. ಸಿನಿಮಾ ಮುಗಿದಾಗ ಹೀಗಾಗುವುದಿಲ್ಲ. ಸಿನಿಮಾ ಹೆದರಿಸಿ ಕಳಿಸುತ್ತದೆ. ಇದು ನಾಚಿಕೆ ಪಡಿಸಿ ಕಳಿಸಿತು, ನನ್ನನ್ನೂ ಸೇರಿಸಿ.

ಇಲ್ಲಿ ನಮ್ಮ ಒತ್ತೆಕೋಲ, ಅಂದರೆ ದೈವದ ಕೆಂಡಸೇವೆ, ನೆನಪಾಗುತ್ತದೆ. ಸಂಪಾಜೆ ಕಡೆ ನೋಡಿದ್ದೇನೆ. ತೆಂಗಿನ ಎಳೆ ಗರಿ ಸುತ್ತಿಕೊಂಡ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುತ್ತದೆ, ಏಳುತ್ತದೆ, ಮತ್ತೆ ಬೀಳುತ್ತದೆ. ನೋಡುವವನ ಮೈಯೆಲ್ಲ ಮುಳ್ಳು. ನಿಲ್ಲಿಸಬೇಕು ಅಂತ ಯಾರಿಗೂ ಅನ್ನಿಸುವುದಿಲ್ಲ, ಬೆಳಿಗ್ಗೆ ಯಾರಿಗೂ ನಾಚಿಕೆಯೂ ಇರುವುದಿಲ್ಲ. ಅಲ್ಲಿ ದೈವ ಇದೆ, ನೇಮ ಇದೆ, ಎಳೆದು ಹಿಡಿಯುವವರು ಇದ್ದಾರೆ. ನಾನು ಮಾಡಿದ್ದನ್ನು ಅದರ ಜೊತೆ ಹೋಲಿಸಿದವರೂ ಇದ್ದರು. ನನಗೆ ಒಪ್ಪಿಗೆ ಇಲ್ಲ. ಹೊಣೆಯನ್ನು ದೈವ ಹೊತ್ತುಕೊಂಡಾಗಿನ ಭಯ ಬೇರೆ, ಅದು ನಮ್ಮ ಕೈಗೇ ಬಂದಾಗಿನದು ಬೇರೆ.

ಮುಖ ಒರೆಸಿದವರ ಹತ್ತಿರ ಕೇಳಿಯೇಬಿಟ್ಟೆ, ಬೆಲ್ ಯಾಕೆ ಬಾರಿಸಲಿಲ್ಲ ಅಂತ. 'ನಿಮ್ಮ ಕಾರ್ಯಕ್ರಮ ಕೆಡ್ತಿತ್ತಲ್ವಾ' ಅಂದರು. ಸ್ವಲ್ಪ ಹೊತ್ತು ಬಿಟ್ಟು, 'ಬೆಲ್ ಇಟ್ಟು ನಮ್ಮನ್ನು ಪರೀಕ್ಷೆ ಮಾಡಿದ್ದು ನನಗೆ ಇಷ್ಟ ಆಗಲಿಲ್ಲ' ಅಂತಲೂ ಹೇಳಿದರು. ನಾವಿಬ್ಬರೂ ಈ ವಿಷಯದಲ್ಲಿ ಇನ್ನೂ ಜಗಳ ಆಡುತ್ತೇವೆ. ಮುಂದಿನ ಸಲ ಬೆಲ್ ತೆಗೆದುಬಿಡಿ ಅನ್ನುವುದು ಅವರ ವಾದ. ಬೆಲ್ ಇರಲೇಬೇಕು ಅನ್ನುವುದು ನನ್ನದು. ಹಾಗಿದ್ದರೆ ಕುರ್ಚಿಯಲ್ಲಿ ನಾನು ಕೂರುತ್ತೇನೆ, ನೀವು ಜನರ ನಡುವೆ ನಿಂತು ನೋಡಿ ಅಂದಿದ್ದಾರೆ. ಕೊಯ್ಲು ಮುಗಿದು ಗೋದಾಮು ಖಾಲಿಯಾಗಲಿ ಅಂತ ಕಾಯುತ್ತಿದ್ದೇವೆ.