ಚಿಕ್ಕಪ್ಪನ ಹನ್ನೆರಡು ಗೇರಿನ ಸೈಕಲ್ ಒಂದೇ ಗೇರಿಗೆ ಬಂದ ಕತೆ

ಮೈಸೂರಿನ ನಮ್ಮ ಮನೆಯ ಅಟ್ಟದಲ್ಲಿ ಚಿಕ್ಕಪ್ಪನ ಹಳೇ ರೋಡ್ ಸೈಕಲ್ ವರ್ಷಗಟ್ಟಲೆ ಬಿದ್ದಿತ್ತು. ಗೇರ್ ತಂತಿಗಳು ತುಕ್ಕು ಹಿಡಿದಿದ್ದವು. ಆದರೆ ಸ್ಟೀಲ್ ಫ್ರೇಮ್ ಗಟ್ಟಿಯಾಗಿತ್ತು. ಅದನ್ನು ಒಂದೇ ಗೇರಿನ ಸೈಕಲ್ ಮಾಡೋಣ ಅಂತ ಇಳಿಸಿಕೊಂಡೆ.

ಮೊದಲು ನೋಡಿದ್ದು ಫ್ರೇಮಿನಲ್ಲಿ ಹಿಂದಿನ ಗಾಲಿಯ ಆಕ್ಸಲ್ (ಅಚ್ಚು) ಕೂರುವ ಸೀಳನ್ನು. ಅದು ಅಡ್ಡಕ್ಕೆ ಇದ್ದರೆ ಗಾಲಿಯನ್ನು ಹಿಂದಕ್ಕೆ ಎಳೆದು ಚೈನ್ ಬಿಗಿ ಮಾಡಬಹುದು. ನೇರ ಕೆಳಕ್ಕೆ ಇದ್ದರೆ ಆಗಲ್ಲ, ಚೈನ್ ಬಿಗಿ ಹಿಡಿಯುವ ಟೆನ್ಷನರ್ ಬೇರೆ ಹಾಕಬೇಕು. ಪುಣ್ಯಕ್ಕೆ ನನ್ನದು ಅಡ್ಡ ಸೀಳು.

ಗೇರಿನ ಸಾಮಾನೆಲ್ಲ ಅರ್ಧ ಗಂಟೆಯಲ್ಲಿ ಬಿಚ್ಚಿದೆ. ಹಳೇ ಫ್ರೀವೀಲ್, ಅಂದರೆ ತುಳಿಯದಿದ್ದಾಗ ಗಾಲಿಯನ್ನು ತಾನೇ ಓಡಲು ಬಿಡುವ ಹಿಂದಿನ ಹಲ್ಲುಚಕ್ರದ ಜೋಡಣೆ, ಮಾತ್ರ ಅಲ್ಲಾಡಲಿಲ್ಲ. ಪೆಡಲ್ ತುಳಿದಷ್ಟೂ ಅದು ಬಿಗಿಯಾಗುತ್ತಾ ಹೋಗುತ್ತದೆ ಅಲ್ವಾ? ರಾತ್ರಿಯಿಡೀ ಸೀಮೆಎಣ್ಣೆ ಬಿಟ್ಟು, ಬೆಳಿಗ್ಗೆ ಗಾಲಿ ಹೊತ್ತು ಸೈಕಲ್ ಅಂಗಡಿಗೆ ಹೋದೆ. 'ಭಾಯ್, ಇದು ಬಿಚ್ಚುತ್ತಾ?' ಅಂದೆ. ಅವರು ಫ್ರೀವೀಲ್ ಬಿಚ್ಚುವ ರಿಮೂವರನ್ನು ಆಕ್ಸಲ್ ನಟ್ಟಿನಿಂದ ಅದುಮಿ, ಅದನ್ನೇ ಮೇಜಿನ ವೈಸಿಗೆ (ಹಿಡಿಕ್ಕಳಕ್ಕೆ) ಕಚ್ಚಿಸಿದರು. ಆಮೇಲೆ ಬಸ್ಸಿನ ಸ್ಟೇರಿಂಗ್ ಹಿಡಿದ ಹಾಗೆ ರಿಮ್ ಹಿಡಿದು ಎಡಕ್ಕೆ ತಿರುಗಿಸಿದರು. 'ಟಕ್' ಅಂತ ಸದ್ದು. ಸಡಿಲವಾದ ಕೂಡಲೇ ನಟ್ ಬಿಡಿಸಿದರು, ಇಲ್ಲದಿದ್ದರೆ ಥ್ರೆಡ್ ಹಾಳು.

ಅದರ ಜಾಗಕ್ಕೆ 18 ಹಲ್ಲಿನ ಒಂಟಿ ಚಕ್ರದ ಫ್ರೀವೀಲ್ ತಿರುಗಿಸಿ ಕೂರಿಸಿ ಹೊರಟುಬಿಟ್ಟೆ. ಅದೇ ತಪ್ಪು. ಕೆ.ಆರ್.ಎಸ್. ರಸ್ತೆ ತಲುಪುವುದರೊಳಗೆ ಚೈನ್ ಎರಡು ಸಲ ಕಳಚಿತು. ಮನೆಗೆ ಬಂದು ಹಿಂದಿನಿಂದ ಬಗ್ಗಿ ನೋಡಿದರೆ ಚೈನ್ ಓರೆಯಾಗಿ ಓಡುತ್ತಿತ್ತು. ಹಿಂದಿನ ಹಲ್ಲು ಮುಂದಿನದಕ್ಕಿಂತ ಒಳಗೆ ಕೂತಿತ್ತು.

ಆಕ್ಸಲ್ ಬಿಚ್ಚಿದೆ. ಆರು ಹಲ್ಲುಚಕ್ರಗಳಿಗೆ ಜಾಗ ಬಿಡಲು ಬಲಗಡೆ ದಪ್ಪ ಸ್ಪೇಸರ್ (ಜಾಗ ತುಂಬುವ ಬಳೆಗಳು) ಹಾಕಿದ್ದರು. ಅದರಲ್ಲಿ 5 ಮಿ.ಮೀ. ತೆಗೆದು ಎಡಕ್ಕೆ ಹಾಕಿದೆ. ಒಟ್ಟು ಅಗಲ ಮೊದಲಿನ 126 ಮಿ.ಮೀ. ಹಾಗೇ ಉಳಿಯಿತು, ಗಾಲಿಯ ನಡುವಿನ ಹಬ್ ಬಲಕ್ಕೆ ಸರಿಯಿತು. ಅದರ ಜೊತೆ ರಿಮ್ಮೂ ಬಲಕ್ಕೆ ಬಂತು. ಬಲಗಡೆ ಕಡ್ಡಿಗಳನ್ನು ಅರ್ಧರ್ಧ ಸುತ್ತು ಸಡಿಲಿಸಿ, ಎಡಗಡೆಯವನ್ನು ಅಷ್ಟೇ ಬಿಗಿ ಮಾಡುತ್ತಾ ಮತ್ತೆ ನಡುವಿಗೆ ತಂದೆ. ಒಂದು ಸಂಜೆ ಪೂರ್ತಿ ಇದಕ್ಕೇ ಹೋಯಿತು. ಆದರೆ ಈಗ ಎರಡೂ ಕಡೆ ಕಡ್ಡಿ ಮೀಟಿದರೆ ಸದ್ದು ಹತ್ತಿರ ಹತ್ತಿರ ಒಂದೇ. ಗಾಲಿ ಮೊದಲಿಗಿಂತ ಗಟ್ಟಿ.

ಪೆಡಲ್ ಬಳಿಯ ಎರಡು ಹಲ್ಲುಚಕ್ರಗಳಲ್ಲಿ 52 ಹಲ್ಲಿನ ದೊಡ್ಡದನ್ನು ತೆಗೆದು 42ರದ್ದು ಉಳಿಸಿಕೊಂಡೆ. ಬೋಲ್ಟ್ ಉದ್ದವಾದವು, ಚಿಕ್ಕವು ಹುಡುಕಿ ಹಾಕಿದೆ. 42ಕ್ಕೆ 18 ಅಂದರೆ ಪೆಡಲ್ ಒಂದು ಸುತ್ತಿಗೆ ಸುಮಾರು 4.9 ಮೀಟರ್. ಶ್ರೀರಂಗಪಟ್ಟಣಕ್ಕೆ ಹೋಗಿಬರಲು ಹಿತ. ಚಾಮುಂಡಿ ಬೆಟ್ಟಕ್ಕೆ ಮಾತ್ರ ನಿಂತು ತುಳಿಯಬೇಕು. ಹಿಂದೆ 16 ಹಲ್ಲಿನದು ಹಾಕಿ ಅಂತ ಹೇಳುವವರಿದ್ದಾರೆ. ದಿನಾ ಸಿಗ್ನಲ್‌ನಲ್ಲಿ ನಿಂತು ಹೊರಡುವವರಿಗೆ ಅದು ಭಾರ ಅಂತ ನನ್ನ ಅನಿಸಿಕೆ.

ಚೈನನ್ನು ನಡುವೆ ಬೆರಳಿಂದ ಒತ್ತಿದರೆ ಅರ್ಧ ಇಂಚು ಆಡಬೇಕು. ತೀರಾ ಬಿಗಿ ಮಾಡಿದರೆ ಬೇರಿಂಗ್ ತಿನ್ನುತ್ತದೆ. ಬಲಗಡೆ ನಟ್ ಚೆನ್ನಾಗಿ ಬಿಗಿಯಬೇಕು, ಜೋರಾಗಿ ತುಳಿದಾಗ ಗಾಲಿ ಆ ಕಡೆಯಿಂದಲೇ ಮುಂದಕ್ಕೆ ಜಾರುತ್ತದೆ. ಎರಡೂ ಬ್ರೇಕ್ ಉಳಿಸಿಕೊಂಡಿದ್ದೇನೆ. ಫ್ರೀವೀಲ್ ಇರುವಾಗ ಒಂದನ್ನೂ ತೆಗೆಯಬೇಡಿ.

ಗೇರ್ ಬದಲಿಸುವ ಡಿರೇಲರ್ ನೇತುಹಾಕುವ ಫ್ರೇಮಿನ ಕಿವಿಯನ್ನು ಕೆಲವರು ಚಂದಕ್ಕೆಂದು ಕೊಯ್ದು ಹಾಕುತ್ತಾರೆ. ನನಗೆ ಮನಸ್ಸು ಬರಲಿಲ್ಲ. ಬಿಚ್ಚಿದ ಸಾಮಾನನ್ನೆಲ್ಲ ಎಣ್ಣೆ ಒರೆಸಿ, ಬಿಸ್ಕತ್ ಡಬ್ಬಿಗೆ ತುಂಬಿ ಅಟ್ಟದ ಮೇಲೆ ಇಟ್ಟಿದ್ದೇನೆ. ಚಿಕ್ಕಪ್ಪನ ಮಗಳಿಗೆ ಮುಂದೆ ಗೇರ್ ಬೇಕು ಅನ್ನಿಸಿದರೆ ಮತ್ತೆ ಹಾಕಬಹುದು.