ಬೆಕ್ಕಿನ ಚಿಗಟದ ಔಷಧಿ: ಬಾಕ್ಸು, ಕಪಾಟು, ಕುತ್ತಿಗೆ

ನಮ್ಮದು ಪುತ್ತೂರು ಕಡೆಯ ಅಡಿಕೆ ತೋಟದ ಮನೆ. ನಾಲ್ಕು ಬೆಕ್ಕು, ಒಂದು ನಾಯಿ, ಹಟ್ಟಿಯಲ್ಲಿ ಎರಡು ದನ. ಬೆಕ್ಕುಗಳು ಹಗಲೆಲ್ಲ ಅಂಗಳ, ಹಟ್ಟಿ, ತೋಟ ಅಂತ ಸುತ್ತಿ, ರಾತ್ರಿ ಅಟ್ಟದ ಗೋಣಿಚೀಲದ ಮೇಲೆ ಮಲಗುತ್ತವೆ. ಮನೆಯಲ್ಲಿ ಇಲಿ ಕಾಟ ಕಡಿಮೆ ಇರುವುದು ಇವುಗಳಿಂದಲೇ. ಚಿಗಟಕ್ಕೆ ಕುತ್ತಿಗೆಯ ಹಿಂದೆ ಹಾಕುವ ಔಷಧಿಯನ್ನು, ಅಂಗಡಿಯವರು ಸ್ಪಾಟ್ ಆನ್ ಅನ್ನುತ್ತಾರಲ್ಲ ಅದನ್ನು, ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಗುರುತಿನವರು ಫೋನ್ ಮಾಡಿ ಕೇಳುವುದು ಒಂದೇ ಪ್ರಶ್ನೆ: "ಯಾವ ಕಂಪೆನಿಯದ್ದು ಒಳ್ಳೆಯದು?" ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಔಷಧಿ ಅದರದೇ ಬಾಕ್ಸಿನಲ್ಲಿ ಇದೆಯಾ? ಎಲ್ಲಿ ಇಟ್ಟಿದ್ದೀರಿ? ಬೆಕ್ಕಿನ ತೂಕ ಎಷ್ಟು?

ಮೊದಲು ಚಿಗಟ ಇದೆಯಾ ಅಂತ ನೋಡಬೇಕಲ್ವಾ. ನಾನು ಹೇನು ತೆಗೆಯುವ ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಲದ ಬುಡ ಮತ್ತು ಕುತ್ತಿಗೆ ಬಾಚುತ್ತೇನೆ. ಕೂದಲಿನ ಜೊತೆ ಕಾಳುಮೆಣಸಿನ ಪುಡಿಯಂಥ ಕಪ್ಪು ಕಣ ಬಂದರೆ ಅದನ್ನು ಒದ್ದೆ ಮಾಡಿದ ಬಿಳಿ ಕಾಗದದ ಮೇಲೆ ಉದುರಿಸುತ್ತೇನೆ. ಬರೀ ಮಣ್ಣಾದರೆ ಕಪ್ಪಾಗಿಯೇ ಇರುತ್ತದೆ. ಚಿಗಟದ ಹಿಕ್ಕೆಯಾದರೆ ಸ್ವಲ್ಪ ಹೊತ್ತಿಗೆ ಅದರ ಸುತ್ತ ಕೆಂಪು ಬಣ್ಣ ಬಿಡುತ್ತದೆ. ಯಾಕೆಂದರೆ ಅದು ಚಿಗಟ ಹೀರಿ ಹೊರಹಾಕಿದ ಬೆಕ್ಕಿನ ರಕ್ತ. ಮೈಮೇಲೆ ಒಂದು ಚಿಗಟವೂ ಕಣ್ಣಿಗೆ ಬೀಳದಿದ್ದರೂ ಈ ಕೆಂಪು ಸುಳ್ಳು ಹೇಳುವುದಿಲ್ಲ. ಬೆಕ್ಕು ದಿನವಿಡೀ ನೆಕ್ಕಿಕೊಂಡು ಚಿಗಟವನ್ನು ನುಂಗಿಬಿಡುವುದರಿಂದ "ನಮ್ಮ ಬೆಕ್ಕಿಗೆ ಚಿಗಟವೇ ಇಲ್ಲ" ಅನ್ನುವವರ ಮನೆಯಲ್ಲೂ ಅದು ಇರುವುದುಂಟು.

ಔಷಧಿಯ ಹೆಸರಿಗಿಂತ ಅದರೊಳಗೆ ಏನಿದೆ ಅನ್ನುವುದನ್ನು ಓದುವುದು ಮುಖ್ಯ. ನಾನು ಹೆಚ್ಚಾಗಿ ಬಳಸಿದ್ದು ಫಿಪ್ರೊನಿಲ್ ಮತ್ತು ಎಸ್-ಮೆಥೊಪ್ರೀನ್ ಎರಡೂ ಇರುವ ಔಷಧಿ. ಬೆಕ್ಕಿನದ್ದು 0.5 ಮಿ.ಲೀ.ನ ಒಂದು ಪುಟ್ಟ ಟ್ಯೂಬು. ಫಿಪ್ರೊನಿಲ್ ಚರ್ಮದ ಎಣ್ಣೆ ಗ್ರಂಥಿಗಳಲ್ಲಿ ಸೇರಿಕೊಂಡು, ಎಣ್ಣೆಯ ಜೊತೆ ನಿಧಾನವಾಗಿ ಮೈಯೆಲ್ಲ ಹರಡುತ್ತದೆ. ದೊಡ್ಡ ಚಿಗಟವನ್ನು ಅದು ಕೊಲ್ಲುತ್ತದೆ. ಮೆಥೊಪ್ರೀನ್ ಮೊಟ್ಟೆ, ಮರಿ ಬೆಳೆಯದಂತೆ ತಡೆಯುತ್ತದೆ. ಇನ್ನೊಂದು ಸೆಲಮೆಕ್ಟಿನ್. ಅದು ಚರ್ಮದಿಂದ ಮೈಯೊಳಗೇ ಹೋಗುವ ಔಷಧಿ, ಕಿವಿಯ ಹುಳ ಮತ್ತು ಕೆಲವು ಹೊಟ್ಟೆಹುಳಕ್ಕೂ ಆಗುತ್ತದೆ. 2.6ರಿಂದ 7.5 ಕಿಲೋ ತೂಗುವ ಬೆಕ್ಕಿಗೆ 45 ಮಿ.ಗ್ರಾಂ., ಅದಕ್ಕಿಂತ ಚಿಕ್ಕದಕ್ಕೆ 15 ಮಿ.ಗ್ರಾಂ.ನದ್ದು. ನಮ್ಮ ಬೆಕ್ಕು ಕರಿಯನಿಗೆ ಕಿವಿಯೊಳಗೆ ಕಾಫಿ ಪುಡಿಯಂಥ ಕೊಳೆ ತುಂಬಿಕೊಂಡಾಗ ಡಾಕ್ಟ್ರು ಬರೆದುಕೊಟ್ಟದ್ದು ಇದನ್ನೇ. ಯಾವ ಬೆಕ್ಕಿಗೆ ಯಾವುದು ಅನ್ನುವುದನ್ನು ಅವರೇ ನೋಡಿ ಹೇಳಲಿ. ನಾನು ಮನೆಗೆ ಬಂದು ಬಾಕ್ಸನ್ನು ಮತ್ತೆ ಒಮ್ಮೆ ಓದುತ್ತೇನೆ: ಔಷಧಿಯ ಹೆಸರು, ಬೆಕ್ಕಿನ ಚಿತ್ರ, ತೂಕ, ಎಕ್ಸ್‌ಪೈರಿ.

ಈ ಓದುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಒಮ್ಮೆ ಪೇಟೆಯ ಒಂದು ಅಂಗಡಿಯಲ್ಲಿ ಬಾಕ್ಸು ಇಲ್ಲದೆ ಬಿಡಿ ಟ್ಯೂಬು ಕೊಟ್ಟರು. "ನಾಯಿದಾದ್ರೂ ಒಂದೇ, ಸ್ವಲ್ಪ ಕಡಿಮೆ ಹಾಕಿ" ಅಂದರು. ನಾನು ಅಲ್ಲೇ ವಾಪಸು ಕೊಟ್ಟೆ. ನಾಯಿಯ ಕೆಲವು ಔಷಧಿಗಳಲ್ಲಿ ಪರ್ಮೆಥ್ರಿನ್ ಅನ್ನುವ ಕೀಟನಾಶಕ ಇರುತ್ತದೆ. ನಾಯಿಗೆ ಅದು ಸರಿ. ಬೆಕ್ಕಿನ ಪಿತ್ತಜನಕಾಂಗ ಅದನ್ನು ಬೇಗ ಕರಗಿಸಿ ಹೊರಹಾಕಲಾರದು, ವಿಷ ಮೈಯಲ್ಲೇ ಉಳಿಯುತ್ತದೆ. ಕೆಲವು ಗಂಟೆಗಳಲ್ಲಿ ಮೈ ನಡುಗಲು ಶುರುವಾಗಿ ಫಿಟ್ಸ್ ಬರಬಹುದು, ಜೀವವೂ ಹೋಗಬಹುದು. ದೊಡ್ಡ ನಾಯಿಯ ಟ್ಯೂಬು ತಂದು ಸಿರಿಂಜಿನಲ್ಲಿ ಹಂಚಿ ನಾಲ್ಕು ಬೆಕ್ಕಿಗೆ ಹಾಕಿದರೆ ದುಡ್ಡು ಉಳಿಯುತ್ತದೆ ಅಂತ ಹೇಳುವವರು ಸಿಗುತ್ತಾರೆ. ದಯವಿಟ್ಟು ಬೇಡ. ಒಳಗೆ ಏನಿದೆ ಅಂತ ಗೊತ್ತಿಲ್ಲದೆ ಅಳತೆ ಎಷ್ಟು ಸರಿ ಇದ್ದರೂ ಏನು ಬಂತು? ಫಿಪ್ರೊನಿಲ್ ಇರುವುದೇ ಆದರೂ ನಾಯಿಯದ್ದರಲ್ಲಿ ಮೆಥೊಪ್ರೀನ್ ಪ್ರಮಾಣ ಬೇರೆ ಇರುತ್ತದೆ.

ಹಟ್ಟಿ ಇರುವವರು ಇನ್ನೂ ಒಂದು ಜಾಗ್ರತೆ ಮಾಡಬೇಕು. ದನದ ಉಣ್ಣಿಗೆ ಬಕೆಟಿನಲ್ಲಿ ಕಲಸಿ ಹೊಡೆಯುವ ಡೆಲ್ಟಾಮೆಥ್ರಿನ್, ಸೈಪರ್ಮೆಥ್ರಿನ್ ಕೂಡ ಪರ್ಮೆಥ್ರಿನ್‌ನ ಜಾತಿಯವೇ. ಉಳಿದ ನೀರನ್ನು ಬೆಕ್ಕಿಗೆ ಸವರುವುದು ನಮ್ಮೂರಲ್ಲಿ ಹೊಸದಲ್ಲ. ನಮ್ಮಲ್ಲಿ ಹಟ್ಟಿಗೆ ಹೊಡೆಯುವ ದಿನ ಬೆಕ್ಕುಗಳನ್ನು ಒಳಗೆ ಕೂಡಿಹಾಕಿ, ನೆಲ ಪೂರ್ತಿ ಒಣಗಿದ ಮೇಲೆಯೇ ಬಿಡುತ್ತೇವೆ. ನಾಯಿ ಮತ್ತು ಬೆಕ್ಕು ಒಂದೇ ಚಾಪೆಯಲ್ಲಿ ಮಲಗುವುದರಿಂದ ನಾಯಿಗೂ ಪರ್ಮೆಥ್ರಿನ್ ಇಲ್ಲದ ಔಷಧಿಯನ್ನೇ ಡಾಕ್ಟ್ರ ಹತ್ತಿರ ಕೇಳಿ ತರುತ್ತೇನೆ.

ಇನ್ನು ಇಡುವ ಜಾಗ. ಹೆಚ್ಚಿನವರು ಇದರ ಬಗ್ಗೆ ಯೋಚನೆ ಮಾಡುವುದೇ ಇಲ್ಲ. ನನ್ನ ಹತ್ತಿರ ಇರುವ ಬಾಕ್ಸಿನ ಮೇಲೆ 30 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ, ಒಣ ಜಾಗದಲ್ಲಿ, ಬಾಕ್ಸಿನೊಳಗೇ ಇಡಿ ಅಂತ ಬರೆದಿದೆ. ಸೆಖೆಯ ಊರಲ್ಲಿ ಇದನ್ನು ಪಾಲಿಸುವುದು ಸುಲಭ ಅಲ್ಲ. ಏಪ್ರಿಲ್‌ನಲ್ಲಿ ತಾರಸಿ ಕೆಳಗಿನ ಕೋಣೆ ಸಂಜೆಯ ಮೇಲೂ ಕಾಯುತ್ತಿರುತ್ತದೆ. ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ, ನಮ್ಮ ಜಿಲ್ಲೆಗೆ ವರ್ಷಕ್ಕೆ 3,500 ಮಿ.ಮೀ.ಗೂ ಜಾಸ್ತಿ ಮಳೆ. ನಾನು ಒಂದು ಥರ್ಮಾಮೀಟರ್ ಹಿಡಿದು ಮನೆಯೊಳಗೆ ಜಾಗ ಹುಡುಕಿದೆ. ಅಡುಗೆಮನೆ ಕಪಾಟು ಬಿಸಿ, ಅಲ್ಲದೆ ತಿನ್ನುವ ಸಾಮಾನಿನ ಪಕ್ಕ ಇದನ್ನು ಇಡಬಾರದು. ಬಚ್ಚಲಲ್ಲಿ ಹಂಡೆ ಒಲೆ, ಹಬೆ. ದೇವರ ಕೋಣೆ ತಂಪೇ, ಆದರೆ ಇಂಥ ಔಷಧಿಗಳಲ್ಲಿ ಆಲ್ಕೋಹಾಲ್ ಇರುವುದರಿಂದ ಬೇಗ ಬೆಂಕಿ ಹಿಡಿಯುತ್ತವೆ, ದೀಪದ ಹತ್ತಿರ ಬೇಡವೇ ಬೇಡ. ಕೊನೆಗೆ ಸಿಕ್ಕಿದ್ದು ಹಳೆ ಮನೆಯ ಮಣ್ಣಿನ ಗೋಡೆಯ ಒಳಕೋಣೆ. ಅಲ್ಲಿನ ಮರದ ಕಪಾಟಿನ ಕೆಳಗಿನ ಅರೆಯೇ ಇಡೀ ಮನೆಯಲ್ಲಿ ತಂಪು ಜಾಗ. ಮಕ್ಕಳ ಕೈಗೆ ಸಿಗದಂತೆ ಕಪಾಟಿಗೆ ಬೀಗ ಇದೆ. ಬಾಕ್ಸನ್ನು ಬಾಕ್ಸಾಗಿಯೇ ಗಟ್ಟಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಇಡುತ್ತೇನೆ. ತೇವ ಹೀರಲೆಂದು ಸಿಲಿಕಾ ಪೊಟ್ಟಣವೂ ಒಂದು ಇರುತ್ತದೆ.

"ಫ್ರಿಜ್ಜಲ್ಲಿ ಇಟ್ರೆ ಆಗಲ್ವಾ?" ಅಂತ ಕೇಳುತ್ತಾರೆ. ಬಾಕ್ಸಿನ ಮೇಲೆ ಫ್ರಿಜ್ಜಲ್ಲಿಡಿ ಅಂತ ಇಲ್ಲ. ಹಾಲು, ದೋಸೆ ಹಿಟ್ಟಿನ ಪಕ್ಕ ಕೀಟನಾಶಕ ಇಡಲು ನನಗೆ ಮನಸ್ಸೂ ಬರುವುದಿಲ್ಲ. ಪೇಟೆಯಿಂದ ತರುವಾಗಲೂ ಅಷ್ಟೇ. ಬಿಸಿಲಲ್ಲಿ ನಿಲ್ಲಿಸಿದ ಸ್ಕೂಟರಿನ ಡಿಕ್ಕಿ ಒಲೆಯ ಹಾಗೆ ಕಾಯುತ್ತದೆ. ಔಷಧಿ ತೆಗೆದುಕೊಳ್ಳುವುದನ್ನು ಪೇಟೆಯ ಕೊನೆಯ ಕೆಲಸ ಮಾಡಿಕೊಂಡು ಕೈಚೀಲದಲ್ಲೇ ತರುತ್ತೇನೆ.

ಮೂರು ಟ್ಯೂಬಿನ ಬಾಕ್ಸಿನಲ್ಲಿ ಒಂದನ್ನು ತೆಗೆದಾಗ ಉಳಿದ ಎರಡರ ಹಾಳೆಯನ್ನು ಕತ್ತರಿಸಿ ಬಿಡಿ ಬಿಡಿ ಮಾಡುವುದಿಲ್ಲ. ತಾರೀಕು, ಬ್ಯಾಚ್ ನಂಬರ್ ಇರುವ ತುಂಡು ಹೋದರೆ ಉಳಿದದ್ದಕ್ಕೆ ಗುರುತೇ ಇರುವುದಿಲ್ಲ. ಬಾಕ್ಸಿನ ಮೇಲೆ ಪೆನ್ನಿನಲ್ಲಿ ಬೆಕ್ಕಿನ ಹೆಸರು, ಹಾಕಿದ ತಾರೀಕು ಬರೆಯುತ್ತೇನೆ. ಚಾವಡಿಯ ಗೋಡೆ ಕ್ಯಾಲೆಂಡರಿನಲ್ಲೂ ಗುರುತು ಹಾಕುತ್ತೇನೆ. ಇಲ್ಲದಿದ್ದರೆ ಮನೆಯ ಇಬ್ಬರು ಒಂದೇ ಬೆಕ್ಕಿಗೆ ಎರಡು ಸಲ ಹಾಕುವ ಅಪಾಯ ಇದೆ. ಒಮ್ಮೆ ಮೂತಿ ಮುರಿದ ಟ್ಯೂಬನ್ನು ಅರ್ಧ ಹಾಕಿ ಅರ್ಧ ಎತ್ತಿಡುವುದಿಲ್ಲ.

ತೂಕ ನೋಡಲು ಅಡಿಕೆ ತೂಗುವ ತಕ್ಕಡಿ ಇದೆ. ಬುಟ್ಟಿ ಇಟ್ಟು ಸೊನ್ನೆ ಮಾಡಿ, ಬೆಕ್ಕನ್ನು ಬುಟ್ಟಿಯಲ್ಲಿ ಕೂರಿಸುವುದು. ಒಣಮೀನಿನ ತುಂಡು ಒಂದಿದ್ದರೆ ಕೂರುತ್ತವೆ. ಕಣ್ಣಂದಾಜು ನಂಬಬೇಡಿ, ರೋಮ ಜಾಸ್ತಿ ಇರುವ ಬೆಕ್ಕು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ.

ಹಾಕುವ ಹೊತ್ತು ರಾತ್ರಿ ಊಟ ಆದ ಮೇಲೆ, ಅವು ಮಂಪರಿನಲ್ಲಿರುವಾಗ. ಫಿಪ್ರೊನಿಲ್ ಆದರೆ ಹಿಂದೆ ಮುಂದೆ ಎರಡೆರಡು ದಿನ ಸ್ನಾನ ಮಾಡಿಸಬಾರದು. ನಮ್ಮ ಬೆಕ್ಕು ಚುಕ್ಕಿಯನ್ನು ತೊಡೆಯ ಮೇಲೆ ನನಗೆ ಬೆನ್ನು ಹಾಕಿ ಕೂರಿಸುತ್ತೇನೆ. ಟ್ಯೂಬನ್ನು ನೆಟ್ಟಗೆ ಹಿಡಿದು ಬೆರಳಲ್ಲಿ ತಟ್ಟಿದರೆ ಮೇಲಿದ್ದ ಔಷಧಿ ಕೆಳಗೆ ಇಳಿಯುತ್ತದೆ, ಆಮೇಲೆ ಮೂತಿ ಮುರಿಯುವುದು. ತಲೆಬುರುಡೆ ಮುಗಿದು ಕುತ್ತಿಗೆ ಶುರುವಾಗುವಲ್ಲಿ ಎರಡು ಬೆರಳಿಂದ ರೋಮ ಬಿಡಿಸಿದರೆ ನಸುಗೆಂಪು ಚರ್ಮ ಕಾಣುತ್ತದೆ. ಟ್ಯೂಬಿನ ತುದಿ ಆ ಚರ್ಮಕ್ಕೇ ತಾಗಬೇಕು. ಮೆಲ್ಲ ಒತ್ತಿ ಪೂರ್ತಿ ಖಾಲಿ ಮಾಡಿ, ಒತ್ತಿಕೊಂಡೇ ಎತ್ತಬೇಕು. ಬೆರಳು ಸಡಿಲ ಮಾಡಿದರೆ ಔಷಧಿ ಟ್ಯೂಬಿನೊಳಗೆ ವಾಪಸು ಹೋಗುತ್ತದೆ. ರೋಮದ ಮೇಲೆ ಸುರಿದರೆ ಕೆಲಸ ಅರ್ಧ, ಉಳಿದರ್ಧ ಹಾಸಿಗೆಗೆ. ಭುಜದಿಂದ ಕೆಳಗೆ ಹಾಕಿದರೆ ನಾಲಿಗೆ ಅಲ್ಲಿಗೆ ಮುಟ್ಟುತ್ತದೆ.

ಮರುದಿನದವರೆಗೆ ಆ ಜಾಗದ ರೋಮ ಎಣ್ಣೆ ಹಚ್ಚಿದ ಹಾಗೆ ಮುದ್ದೆಯಾಗಿರುತ್ತದೆ, ಗಾಬರಿ ಬೇಡ. ಒಣಗುವ ತನಕ ಮಕ್ಕಳು ಮುಟ್ಟಬಾರದು, ಆ ರಾತ್ರಿ ಮಕ್ಕಳ ಜೊತೆ ಮಲಗಿಸಬಾರದು. ಒಂದರ ಕುತ್ತಿಗೆಯನ್ನು ಇನ್ನೊಂದು ನೆಕ್ಕದಂತೆ ಬೇರೆ ಬೇರೆ ಕೋಣೆಯಲ್ಲಿ ಬಿಡುತ್ತೇನೆ. ನೆಕ್ಕಿದರೆ ಕಹಿಗೆ ಬಾಯಲ್ಲಿ ನೊರೆ, ಜೊಲ್ಲು ಬರುತ್ತದೆ. ನೀರು ಇಟ್ಟು ಬಿಟ್ಟರೆ ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಸರಿಯಾಗುತ್ತದೆ. ಆದರೆ ನಡುಕ, ತೂರಾಡುವುದು, ವಾಂತಿ ಕಂಡರೆ ಕಾಯಬಾರದು, ಬಾಕ್ಸು ಹಿಡಿದುಕೊಂಡೇ ಡಾಕ್ಟ್ರ ಹತ್ತಿರ ಹೋಗಬೇಕು. ಬಾಕ್ಸು ಎಸೆಯಬೇಡಿ ಅಂತ ನಾನು ಹಟ ಹಿಡಿಯುವುದು ಇದಕ್ಕೂ ಸೇರಿ. ಏನು ಹಾಕಿದ್ದೀರಿ ಅನ್ನುವುದು ಅವರಿಗೆ ಗೊತ್ತಾಗಬೇಕು.

ನಾಲ್ಕೂ ಬೆಕ್ಕು ಮತ್ತು ನಾಯಿಗೆ ಒಂದೇ ದಿನ. ಒಂದನ್ನು ಬಿಟ್ಟರೆ ಚಿಗಟಕ್ಕೆ ಅದೇ ಮನೆಯಾಗುತ್ತದೆ. ಮೊದಲ ಸಲ ಹಾಕಿದವರು ಕೆಲವು ವಾರ ಬಿಟ್ಟು "ಔಷಧಿ ನಕಲಿ, ಮತ್ತೆ ಚಿಗಟ ಕಂಡಿತು" ಅನ್ನುತ್ತಾರೆ. ಹೆಣ್ಣು ಚಿಗಟ ದಿನಕ್ಕೆ 40–50 ಮೊಟ್ಟೆ ಇಡಬಲ್ಲದು. ಆ ಮೊಟ್ಟೆ ಮೈಯಿಂದ ಉದುರಿ ಗೋಣಿಚೀಲ, ನೆಲದ ಬಿರುಕು ಸೇರುತ್ತದೆ. ಮರಿಹುಳ ಕತ್ತಲಲ್ಲಿ ಬೆಳೆದು ಗೂಡು ಕಟ್ಟುತ್ತದೆ. ಗೂಡಿನೊಳಗೆ ತಿಂಗಳುಗಟ್ಟಲೆ ಸುಮ್ನೆ ಕಾಯಬಲ್ಲದು. ನಡೆದಾಡುವ ಅದುರು, ಮೈ ಬಿಸಿ, ಉಸಿರು ತಾಗಿದಾಗ ಹೊರಗೆ ಹಾರುತ್ತದೆ. ಆ ಗೂಡಿಗೆ ಯಾವ ಕುತ್ತಿಗೆ ಔಷಧಿಯೂ ಮುಟ್ಟುವುದಿಲ್ಲ. ಹೊಸದಾಗಿ ಹಾರಿ ಬಂದದ್ದು ಬೆಕ್ಕಿನ ಮೈ ಏರಿದ ಮೇಲೆ ಸಾಯುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ತಪ್ಪದೆ ಹಾಕುತ್ತಾ ಹೋಗಬೇಕು. ಜೊತೆಗೆ ಬೆಕ್ಕಿನ ಬಟ್ಟೆಗಳನ್ನು ಕುದಿ ನೀರಿನಲ್ಲಿ ಒಗೆದು, ಗೋಣಿಗಳನ್ನು ಬಿಸಿಲಿಗೆ ಹಾಕಿ, ಅಟ್ಟದ ಮೂಲೆ ಗುಡಿಸಿ ಕಸ ಸುಡುತ್ತೇವೆ. ಮಳೆಗಾಲದಲ್ಲಿ ಬಿಸಿಲೇ ಇಲ್ಲ, ಆಗ ಔಷಧಿಯ ತಾರೀಕು ಇನ್ನೂ ಬಿಗಿ. ಹಿಂಭಾಗದ ರೋಮಕ್ಕೆ ಅಕ್ಕಿ ಕಾಳಿನಂಥ ತುಣುಕು ಅಂಟಿದ್ದರೆ ಅದು ಹೆಚ್ಚಾಗಿ ಚಿಗಟ ನುಂಗಿ ಬಂದ ಲಾಡಿಹುಳ. ಅದಕ್ಕೆ ಬೇರೆ ಮಾತ್ರೆ ಬೇಕು.

ನಮ್ಮ ಅತ್ತೆಗೆ ಮೊದಲು ಈ ಔಷಧಿಯ ಮೇಲೆ ನಂಬಿಕೆ ಇರಲಿಲ್ಲ. "ಎಂಥದು ಮಾರಾಯ್ತಿ, ಕರ್ಪೂರ ಹಾಕಿದ ತೆಂಗಿನೆಣ್ಣೆ ಸಾಕು" ಅನ್ನುತ್ತಿದ್ದರು. ಕರ್ಪೂರ ಬೆಕ್ಕಿಗೆ ವಿಷ ಅಂತ ಡಾಕ್ಟ್ರ ಬಾಯಿಂದಲೇ ಕೇಳಿದ ಮೇಲೆ ಈಗ ಅವರೇ ಅಕ್ಕಪಕ್ಕದವರಿಗೆ ಹೇಳುತ್ತಾರೆ. ಸೀಮೆಎಣ್ಣೆ, ಫಿನಾಯಿಲ್ ಕೂಡ ಬೇಡ.

ಖಾಲಿ ಟ್ಯೂಬನ್ನು ತೋಡಿಗೆ, ಕೆರೆಗೆ ಎಸೆಯುವುದಿಲ್ಲ. ಫಿಪ್ರೊನಿಲ್ ಮೀನಿಗೆ, ನೀರಿನ ಹುಳಗಳಿಗೆ, ಜೇನಿಗೆ ಕೆಟ್ಟದ್ದು, ನಮ್ಮ ತೋಟದಲ್ಲಿ ಜೇನುಪೆಟ್ಟಿಗೆಗಳಿವೆ. ಕಾಗದದಲ್ಲಿ ಸುತ್ತಿ ಪಂಚಾಯತಿನ ಕಸದ ಗಾಡಿಗೆ ಕೊಡುತ್ತೇನೆ. ಪಕ್ಕದ ಮನೆಯಲ್ಲಿ ಮೊಲ ಸಾಕಿದ್ದಾರೆ. ಉಳಿದ ಟ್ಯೂಬು ಕೇಳಿಕೊಂಡು ಬಂದರು. ಫಿಪ್ರೊನಿಲ್ ಮೊಲಕ್ಕೆ ಪ್ರಾಣಾಪಾಯ ಅಂತ ಹೇಳಿ ಕೊಡಲಿಲ್ಲ.

ಎಂಟು ವಾರ ತುಂಬದ ಮರಿಗಳಿಗೆ ನಾನು ಇದ್ಯಾವುದನ್ನೂ ಹಾಕುವುದಿಲ್ಲ. ಬಾಚಣಿಗೆಯಲ್ಲಿ ಬಾಚಿ, ಸಿಕ್ಕಿದ ಚಿಗಟವನ್ನು ಸೋಪು ನೀರಿನ ಲೋಟಕ್ಕೆ ಅದ್ದುತ್ತೇನೆ, ದಿನಕ್ಕೆ ಎರಡು ಹೊತ್ತು. ಬರೀ ನೀರಾದರೆ ಮುಳುಗದೆ ತೇಲಿ ಹೊರಗೆ ಬರಬಹುದು. ಹಾಲೂಡುವ ತಾಯಿಗೆ ಯಾವ ಔಷಧಿ ಆಗುತ್ತದೆ ಅಂತ ಡಾಕ್ಟ್ರನ್ನು ಕೇಳಿಯೇ ಹಾಕುವುದು. ಮರಿಗಳ ವಸಡನ್ನು ಬಾಚುವಾಗಲೆಲ್ಲ ನೋಡುತ್ತೇನೆ. ಗುಲಾಬಿ ಇದ್ದರೆ ಸರಿ. ಬಿಳಚಿದ್ದರೆ ಚಿಗಟ ರಕ್ತ ಹೀರಿ ಮರಿ ಸೊರಗಿದೆ ಅಂತ ಅರ್ಥ. ಆಗ ಬಾಚುತ್ತಾ ಕೂರುವುದಿಲ್ಲ, ಅದೇ ದಿನ ಆಸ್ಪತ್ರೆಗೆ.